ಭಾನುವಾರದ ಫ್ರೆಂಚ್ ಪಾಠಕ್ಕೆ ಮುಂಚೆ ಓದಿಕೊಳ್ಳಿ

ಎಲ್ಲರಿಗೂ ನಮಸ್ಕಾರ. ಈ ವಾರ ಯಾರು ಎಲ್ಲಿಗೆ ಹೋಗುತ್ತಾರೆ ಅಂತ ಹೇಳೋದು ಕಲಿಯೋಣ.

ಕನ್ನಡದಲ್ಲಿ ಸುಮ್ನೆ ‘ಹೋಗ್ತೀನಿ’ ಅಂದರೆ ಸಾಕು, ‘ನಾನು’ ಬೇಕಿಲ್ಲ. ಫ್ರೆಂಚಲ್ಲಿ ಹಾಗಲ್ಲ. ‘ತ್ಯು ವಾ’ ಅಂದರೆ ನೀನು ಹೋಗ್ತೀಯ, ‘ಇಲ್ ವಾ’ ಅಂದರೆ ಅವನು ಹೋಗ್ತಾನೆ. ಬರೆಯುವಾಗ ಮೊದಲನೆಯದಕ್ಕೆ ಕೊನೆಯಲ್ಲಿ ‘ಎಸ್’ ಇದೆ, ಆದರೆ ಕಿವಿಗೆ ಎರಡೂ ‘ವಾ’ನೇ. ಅದಕ್ಕೇ ಮುಂದಿನ ‘ತ್ಯು’, ‘ಇಲ್’ ಬಿಡಬೇಡಿ. ಕಳೆದ ವಾರ ಸುಮಾರು ಜನ ಬಿಟ್ಟಿದ್ದಿರಿ.

ಊರಿನ ಹೆಸರು ಸುಲಭ. ‘ಜ ವೇ ಆ ತುಮಕೂರು’, ನಾನು ತುಮಕೂರಿಗೆ ಹೋಗ್ತೀನಿ. ನಮ್ಮ ‘ಗೆ’ ಹಿಂದೆ ಅಂಟುತ್ತೆ, ಅವರ ‘ಆ’ ಮುಂದೆ ನಿಲ್ಲುತ್ತೆ, ಅಷ್ಟೇ.

ಜಾಗದ ಹೆಸರಾದರೆ ಲಿಂಗ ನೋಡಬೇಕು. ರೈಲ್ವೆ ಸ್ಟೇಷನ್ ಸ್ತ್ರೀಲಿಂಗ: ‘ಆ ಲಾ ಗಾರ್’. ಮಾರ್ಕೆಟ್ ಪುಲ್ಲಿಂಗ. ಪುಲ್ಲಿಂಗಕ್ಕೆ ‘ಲಾ’ ಬದಲು ‘ಲ’ ಬರುತ್ತೆ, ಅಲ್ಲಿ ‘ಆ’ ಮತ್ತು ‘ಲ’ ಸೇರಿ ‘ಓ’ ಆಗುತ್ತೆ: ‘ಓ ಮಾರ್ಶೆ’. ನಮ್ಮ ಸಂಧಿ ಥರಾನೇ ಅಲ್ವಾ? ನನಗಂತೂ ಇದು ತುಂಬಾ ಇಷ್ಟ.

ದೇಶಗಳ ಹೆಸರು ಮುಂದಿನ ವಾರ.

ಕ್ಯಾತಸಂದ್ರಕ್ಕೆ ತಟ್ಟೆ ಇಡ್ಲಿ ತಿನ್ನಲು ಹೋಗುವವರು, ದೇವರಾಯನದುರ್ಗ ಹತ್ತುವವರು, ಮನೆಯಲ್ಲಿ ಯಾರು ಎಲ್ಲಿಗೆ ಹೊರಟರೂ ಸರಿ, ಮೂರು ವಾಕ್ಯ ಮಾಡಿ ಶನಿವಾರ ರಾತ್ರಿಯೊಳಗೆ ವಾಯ್ಸ್ ಮೆಸೇಜ್ ಹಾಕಿ. ತಪ್ಪಾದರೂ ಪರವಾಗಿಲ್ಲ, ಬಾಯಿಬಿಟ್ಟು ಹೇಳಿ.