ಆಪರೇಷನ್‌ಗೆ ಮುಂಚಿನ ಇಂಜೆಕ್ಷನ್ ವಾರ್ಡಿನಲ್ಲಿ ಯಾಕೆ?

ಮಾನ್ಯ ಸಂಪಾದಕರೇ,

ಕಳೆದ ತಿಂಗಳು ನನ್ನ ಭಾವನಿಗೆ ನಗರದ ಒಂದು ಖಾಸಗಿ ಆಸ್ಪತ್ರೆಯಲ್ಲಿ ಹರ್ನಿಯಾ ಆಪರೇಷನ್ ಆಯಿತು. ಬೆಳಿಗ್ಗೆ 6ಕ್ಕೇ ವಾರ್ಡಿನ ಸಿಸ್ಟರ್ ಬಂದು ಆಂಟಿಬಯೋಟಿಕ್ ಇಂಜೆಕ್ಷನ್ ಹಾಕಿ ಹೋದರು. 7ಕ್ಕೆ ಕೇಸ್ ಅಂದಿದ್ದರು. ಸರ್ಜನ್ ಸಿಲ್ಕ್ ಬೋರ್ಡ್ ಹತ್ತಿರ ಟ್ರಾಫಿಕ್‌ನಲ್ಲಿ ಸಿಕ್ಕಿಕೊಂಡರು, ಆಮೇಲೆ ಒಂದು ಎಮರ್ಜೆನ್ಸಿ ಬಂತು. ಭಾವನನ್ನು ಓಟಿಗೆ (ಆಪರೇಷನ್ ಥಿಯೇಟರ್‌ಗೆ) ಕರೆದುಕೊಂಡು ಹೋದಾಗ ಹನ್ನೊಂದೂವರೆ.

ನಾನು 32 ವರ್ಷ ಸ್ಟಾಫ್ ನರ್ಸ್ ಆಗಿದ್ದವಳು. ಎಷ್ಟೋ ಜನರಿಗೆ ಹೀಗೇ ವಾರ್ಡಿನಲ್ಲೇ ಹಾಕಿ ಕಳಿಸಿದ್ದೇನೆ. ಆದ್ದರಿಂದ ಆ ಹುಡುಗಿಯನ್ನು ಬೈಯುವ ಹಕ್ಕು ನನಗಿಲ್ಲ.

ಈ ಇಂಜೆಕ್ಷನ್ ಇರುವ ಸೋಂಕಿಗಲ್ಲ, ಸೋಂಕು ಬರದಿರಲಿ ಅಂತ. ಬ್ಲೇಡ್ ಚರ್ಮಕ್ಕೆ ತಾಗುವ ಹೊತ್ತಿಗೆ ಔಷಧ ರಕ್ತದಲ್ಲಿ, ಮಾಂಸದಲ್ಲಿ ಸಾಕಷ್ಟು ಇರಬೇಕು. ಭಾವನಿಗೆ ಕೊಟ್ಟದ್ದು ಸೆಫಜೋಲಿನ್. ಔಷಧ ಸರಿಯಾದದ್ದೇ. ಆದರೆ ರಕ್ತದಲ್ಲಿ ಅದು ಸುಮಾರು 2 ಗಂಟೆಗೆ ಅರ್ಧಕ್ಕೆ ಇಳಿಯುತ್ತದೆ. ಅದಕ್ಕೇ ಕುಯ್ಯುವ ಮುಂಚಿನ 60 ನಿಮಿಷದೊಳಗೆ ಕೊಡಬೇಕು, ಆಪರೇಷನ್ 4 ಗಂಟೆ ದಾಟಿದರೆ ಇನ್ನೊಂದು ಡೋಸ್ ಹಾಕಬೇಕು ಅನ್ನುವುದು. 6 ಗಂಟೆಯದ್ದು ಹನ್ನೊಂದೂವರೆಗೆ ಎಷ್ಟು ಉಳಿದಿರುತ್ತದೆ, ನೀವೇ ಲೆಕ್ಕ ಹಾಕಿ.

ಆಮೇಲಿನ ಕಥೆ ಇನ್ನೂ ಬೇಜಾರು. ಜ್ವರ ಇಲ್ಲ, ಗಾಯ ಒಣಗಿತ್ತು. ಆದರೂ 3 ದಿನ ಸೆಫ್ಟ್ರಿಯಾಕ್ಸೋನ್ ಅನ್ನುವ ಇನ್ನೊಂದು ಆಂಟಿಬಯೋಟಿಕ್ ಇಂಜೆಕ್ಷನ್, ಮನೆಗೆ ಹೊರಡುವಾಗ 5 ದಿನದ ಮಾತ್ರೆ. ಗಾಯಕ್ಕಿಂತ ಭೇದಿಯೇ ಭಾವನಿಗೆ ಜಾಸ್ತಿ ಸುಸ್ತು ಮಾಡಿತು. ಕೇಳಿದರೆ ಡ್ಯೂಟಿ ಡಾಕ್ಟರ್, "ಸೇಫ್ಟಿಗೆ ಮೇಡಂ, ಎಲ್ಲರಿಗೂ ಕೊಡ್ತೀವಿ" ಅಂದರು. ಆಪರೇಷನ್ ಮುಗಿದ ಮೇಲೆ ಸುಮ್ನೆ ಮುನ್ನೆಚ್ಚರಿಕೆಗೆ ಅಂತ ಮುಂದುವರಿಸಬೇಡಿ ಎಂದು ವಿಶ್ವ ಆರೋಗ್ಯ ಸಂಸ್ಥೆ 2016ರಲ್ಲೇ ಹೇಳಿದೆ. ಅಪೆಂಡಿಕ್ಸ್ ಒಡೆದು ಕೀವಾಗಿದ್ದರೆ ಮಾತು ಬೇರೆ, ಅದು ಚಿಕಿತ್ಸೆ.

ಡಾಕ್ಟರುಗಳ ಭಯವೂ ಗೊತ್ತು. ಹೊಲಿಗೆಯಲ್ಲಿ ಕೀವು ಬಂದರೆ ಮನೆಯವರು ಜಗಳಕ್ಕೆ ಹೋಗುವುದು ಸರ್ಜನ್ ಹತ್ತಿರವೇ ಅಲ್ವಾ? "ಇಷ್ಟು ದುಡ್ಡು ತಗೊಂಡು ಒಂದೇ ಇಂಜೆಕ್ಷನ್ನಾ?" ಅನ್ನುವವರನ್ನೂ ನೋಡಿದ್ದೇನೆ. ಆದರೆ ಎಷ್ಟೋ ಸಲ ಆಂಟಿಬಯೋಟಿಕ್ ಮುಂದುವರಿಯುವುದು ಭಯದಿಂದಲೂ ಅಲ್ಲ. ರೌಂಡ್ಸ್‌ನಲ್ಲಿ ಕೇಸ್ ಶೀಟಿನ ಮೇಲೆ 'ಸಿಎಸ್‌ಟಿ' ಅಂತ ಗೀಚುತ್ತಾರೆ. ಅದೇ ಔಷಧ ಮುಂದುವರಿಸಿ ಅಂತ ಅರ್ಥ. ಆಂಟಿಬಯೋಟಿಕ್ಕೂ ಅದರ ಜೊತೆಗೇ ನಡೆಯುತ್ತದೆ. ಯಾರೂ ಬೇಕು ಅಂದಿರುವುದಿಲ್ಲ, ಸಾಕು ಅಂದೂ ಇರುವುದಿಲ್ಲ.

ಇದನ್ನು ಸರಿ ಮಾಡಲು ಹೊಸ ಮಷೀನ್ ಬೇಡ. ಇಂಜೆಕ್ಷನ್ ಬಾಟಲಿ ರೋಗಿಯ ಜೊತೆ ಓಟಿಗೆ ಹೋಗಲಿ. ಅರಿವಳಿಕೆ ಡಾಕ್ಟರೇ ಅದನ್ನು ಕೊಟ್ಟು, ಕೊಟ್ಟ ಸಮಯವನ್ನು ತಮ್ಮ ಚಾರ್ಟಿನಲ್ಲಿ ಬರೆಯಲಿ. 60 ನಿಮಿಷದೊಳಗೆ ಆಂಟಿಬಯೋಟಿಕ್ ಕೊಟ್ಟಾಯಿತೇ ಎಂಬ ಪ್ರಶ್ನೆ ವಿಶ್ವ ಆರೋಗ್ಯ ಸಂಸ್ಥೆಯ 2008ರ ಸರ್ಜರಿ ಚೆಕ್‌ಲಿಸ್ಟ್‌ನಲ್ಲೇ ಇದೆ. ಅದನ್ನು ಕುಯ್ಯುವ ಮುಂಚೆ ಜೋರಾಗಿ ಓದಬೇಕು. ಕೇಸ್ ಮುಗಿದ ಮೇಲೆ ಟೀ ಕುಡಿಯುತ್ತಾ ಟಿಕ್ ಹಾಕುವುದಲ್ಲ. (ಹಾಕಿದ್ದೇವೆ.) ಆಪರೇಷನ್ ಆದ ಮೇಲೂ ಆಂಟಿಬಯೋಟಿಕ್ ಬೇಕಿದ್ದರೆ ಸರ್ಜನ್ ಕಾರಣ ಬರೆಯಲಿ. ಕಾರಣ ಬರೆಯದಿದ್ದರೆ ಸಿಸ್ಟರ್ ಕೊಡದಿರಲಿ.

ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ (ಕೆಪಿಎಂಇ) ಕಾಯ್ದೆಯಡಿ ಖಾಸಗಿ ಆಸ್ಪತ್ರೆಗಳ ನೋಂದಣಿ ನೋಡಿಕೊಳ್ಳುವ ಆರೋಗ್ಯ ಇಲಾಖೆ ತಿಂಗಳಿಗೆ ಎರಡು ಲೆಕ್ಕ ಕೇಳಲಿ: ಎಷ್ಟು ಜನರಿಗೆ ಸರಿಯಾದ ಹೊತ್ತಿಗೆ ಇಂಜೆಕ್ಷನ್ ಕೊಟ್ಟರು, ಎಷ್ಟು ಜನರಿಗೆ ಮಾರನೇ ದಿನವೂ ಮುಂದುವರಿಸಿದರು. ಸರ್ಕಾರಿ ಆಸ್ಪತ್ರೆಗಳಿಗೂ ಇದೇ ಲೆಕ್ಕ ಇರಲಿ.

– ನಿವೃತ್ತ ಸ್ಟಾಫ್ ನರ್ಸ್, ಶ್ರೀನಗರ, ಬೆಂಗಳೂರು