ಕಜ್ಜಿ ಪತ್ತೆಗೆ ಬ್ಲೇಡೇ ಬೇಕಾ?

ಮಾನ್ಯ ಸಂಪಾದಕರೇ,

ಮಳೆ ಹಿಡಿಯಿತೆಂದರೆ ನಮ್ಮ ಮೂಡಿಗೆರೆ ಕಡೆ ಹಾಸ್ಟೆಲ್‌ಗಳಲ್ಲಿ, ತೋಟದ ಲೈನ್‌ಮನೆಗಳಲ್ಲಿ ತುರಿಕಜ್ಜಿ ಶುರು. ಹೊದಿಕೆ ಒಣಗುವುದಿಲ್ಲ, ಮಕ್ಕಳು ಒತ್ತೊತ್ತಾಗಿ ಮಲಗುತ್ತಾರೆ, ಒಬ್ಬರಿಂದ ಒಬ್ಬರಿಗೆ ಹತ್ತಿಕೊಳ್ಳುತ್ತದೆ. ಗಲೀಜಾಗಿ ಇರುವವರಿಗೆ ಮಾತ್ರ ಬರುತ್ತೆ ಅನ್ನುವುದು ಸುಳ್ಳು, ಮೈಗೆ ಮೈ ತಾಗಿದರೆ ಯಾರಿಗೆ ಬೇಕಾದರೂ ಬರುತ್ತದೆ. ನನ್ನ ತಕರಾರು ಇರುವುದು, ಬಂದದ್ದು ಕಜ್ಜಿಯೇ ಹೌದಾ ಎಂದು ನೋಡುವ ರೀತಿಯ ಬಗ್ಗೆ.

ನಮ್ಮ ಅಕ್ಕನ ಮಗ ಚಿಕ್ಕವನು, ರಾತ್ರಿಯೆಲ್ಲ ಕೆರೆದು ಕೆರೆದು ಬೆರಳ ಸಂದಿ ಕೆಂಪಾಗಿತ್ತು. ಆಸ್ಪತ್ರೆಗೆ ಹೋದರೆ ಚರ್ಮ ಕೆರೆದು ಲ್ಯಾಬ್‌ಗೆ ಕಳಿಸಬೇಕು ಅಂದರು. ಬ್ಲೇಡಿನ ಕವರ್ ಬಿಚ್ಚಿದ್ದೇ ತಡ, ಹುಡುಗ ಎರಡೂ ಕೈ ಅಂಗಿಯೊಳಗೆ ಹಾಕಿಕೊಂಡು ಮುದುರಿ ಕೂತ. ಇಬ್ಬರು ಹಿಡಿದುಕೊಂಡು ಕೆರೆದರು, ಸ್ವಲ್ಪ ರಕ್ತವೂ ಬಂತು. ರಿಪೋರ್ಟ್‌ನಲ್ಲಿ ಮಾತ್ರ ಏನೂ ಇಲ್ಲ! ಅಲರ್ಜಿ ಅಂತ ಒಂದು ಟ್ಯೂಬ್ ಬರೆದುಕೊಟ್ಟರು, ಅದು ಸ್ಟಿರಾಯ್ಡ್. ಸ್ಟಿರಾಯ್ಡ್ ನವೆಯನ್ನು ಅಡಗಿಸುತ್ತದೆ, ಚರ್ಮದೊಳಗೆ ಬಿಲ ಕೊರೆದು ಕಜ್ಜಿ ತರುವ ಹುಳವನ್ನು ಸಾಯಿಸುವುದಿಲ್ಲ. ಕೆಲವು ವಾರಗಳಲ್ಲಿ ಮನೆಯವರೆಲ್ಲ ಕೆರೆದುಕೊಳ್ಳುತ್ತಾ ಕೂತರು.

ರಿಪೋರ್ಟ್‌ನಲ್ಲಿ ಬರದೇ ಇದ್ದದ್ದು ಆಶ್ಚರ್ಯವೇನಲ್ಲ. ಈ ಹುಳ ಅರ್ಧ ಮಿಲಿಮೀಟರೂ ಇಲ್ಲ. ಸಾಮಾನ್ಯ ಕಜ್ಜಿಯಲ್ಲಿ ಇಡೀ ಮೈ ಹುಡುಕಿದರೂ ಹತ್ತು ಹದಿನೈದು ಹುಳ ಇದ್ದರೆ ಹೆಚ್ಚು. ನವೆ ಆಗುವ ಕಡೆಯಲ್ಲೆಲ್ಲ ಹುಳ ಇರುವುದಿಲ್ಲ, ಅದು ಹುಳಕ್ಕೆ ಚರ್ಮ ತೋರಿಸುವ ಅಲರ್ಜಿ ಅಷ್ಟೆ. ಸುಮ್ನೆ ಎಲ್ಲೋ ಕೆರೆದರೆ ಏನು ಸಿಗುತ್ತೆ?

ನೋವಿಲ್ಲದ ದಾರಿಗಳು ಇವೆ, ಹೊಸದೂ ಅಲ್ಲ. ಡರ್ಮೋಸ್ಕೋಪ್ ಅಂತ ಅಂಗೈಯಲ್ಲಿ ಹಿಡಿಯುವ ಲೈಟು ಇರುವ ಲೆನ್ಸು ಬರುತ್ತದೆ, ಮೊಬೈಲ್ ಕ್ಯಾಮೆರಾಗೆ ಸಿಕ್ಕಿಸುವಂಥದ್ದೂ ಇದೆ. ಅದರಲ್ಲಿ ಬೆರಳ ಸಂದಿ, ಮಣಿಕಟ್ಟು, ಸೊಂಟ ನೋಡಿದರೆ ಹುಳದ ಮುಂಭಾಗ ಕಂದು ತ್ರಿಕೋನದ ಹಾಗೆ ಕಾಣುತ್ತದೆ, ಅದರ ಹಿಂದೆ ಅದು ಕೊರೆದುಕೊಂಡು ಬಂದ ಬಿಲದ ಬಿಳಿ ಗೆರೆ. ಹೊಗೆ ಬಿಟ್ಟುಕೊಂಡು ಹೋಗುವ ಜೆಟ್ ವಿಮಾನ ಅಂತ ಚರ್ಮದ ಡಾಕ್ಟರುಗಳೇ ಇದನ್ನು ಕರೆಯುತ್ತಾರೆ. ನಮ್ಮಂಥ ಕಪ್ಪು ಮೈಬಣ್ಣದಲ್ಲಿ ಆ ತ್ರಿಕೋನ ಹುಡುಕುವುದು ಸ್ವಲ್ಪ ಕಷ್ಟ ನಿಜ, ಕಣ್ಣು ಪಳಗಬೇಕು.

ಲೆನ್ಸು ಇಲ್ಲ ಅಂದರೆ ಇಂಕು ಇದೆಯಲ್ಲ. ಅನುಮಾನ ಇರುವ ಜಾಗಕ್ಕೆ ಪೆನ್ನಿನ ಇಂಕು ಹಚ್ಚಿ, ಸ್ಪಿರಿಟ್ ಹತ್ತಿಯಲ್ಲಿ ಒರೆಸಿದರೆ ಮೇಲಿನದು ಹೋಗುತ್ತದೆ, ಬಿಲದೊಳಗೆ ಇಳಿದದ್ದು ಸೊಟ್ಟ ಗೆರೆಯಾಗಿ ಉಳಿಯುತ್ತದೆ. (ಇಂಕು ಎಲ್ಲಿ ಸಿಗುತ್ತೆ ಅನ್ನಬೇಡಿ, ಸ್ಟೇಷನರಿ ಅಂಗಡಿಯಲ್ಲಿ ಬಾಟಲಿ ಇನ್ನೂ ಇದೆ.) ಆ ಗೆರೆಯ ಮೇಲೆ ಪಾರದರ್ಶಕ ಟೇಪ್ ಒತ್ತಿ, ಸರಕ್ಕನೆ ಕಿತ್ತು, ಗಾಜಿನ ಸ್ಲೈಡ್‌ಗೆ ಅಂಟಿಸಿ ಮೈಕ್ರೋಸ್ಕೋಪ್‌ನಲ್ಲಿ ನೋಡಬಹುದು. ಟೇಪಿನಲ್ಲಿ ಹುಳ ಸಿಗದಿದ್ದರೆ ಕಜ್ಜಿ ಇಲ್ಲವೇ ಇಲ್ಲ ಅಂತ ಅರ್ಥ ಅಲ್ಲ, ಸಿಕ್ಕಿದರೆ ಮಾತ್ರ ಗ್ಯಾರಂಟಿ.

ಇನ್ನೊಂದು ವಿಷಯ. 2020ರಲ್ಲಿ ಬೇರೆ ಬೇರೆ ದೇಶಗಳ ಪರಿಣತರು ಕಜ್ಜಿ ಗುರುತಿಸುವ ನಿಯಮ ಪ್ರಕಟಿಸಿದ್ದಾರೆ. ನವೆ, ಗುಳ್ಳೆ ಇರುವ ಜಾಗ, ಮನೆಯಲ್ಲಿ ಅಥವಾ ಜೊತೆಗಿರುವವರಲ್ಲಿ ಬೇರೆ ಯಾರಿಗಾದರೂ ನವೆ ಇದೆಯಾ, ಇಷ್ಟು ಕೂಡಿಸಿ ನೋಡಿಯೇ ಕಜ್ಜಿ ಎಂದು ತೀರ್ಮಾನಿಸಬಹುದು. ಲ್ಯಾಬೇ ಬೇಡ! ಆದರೆ ನಮ್ಮ ಹುಡುಗನ ಜೊತೆ ಯಾರು ಮಲಗುತ್ತಾರೆ ಎಂದು ನಮ್ಮನ್ನು ಯಾರೂ ಕೇಳಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2017ರಲ್ಲೇ ಕಜ್ಜಿಯನ್ನು ಕಡೆಗಣಿಸಲ್ಪಟ್ಟ ಕಾಯಿಲೆಗಳ ಪಟ್ಟಿಗೆ ಸೇರಿಸಿದೆ, ಕಡೆಗಣಿಸುವುದು ಅಂದರೆ ಇದೇ ಇರಬೇಕು.

ಗೊತ್ತಾದ ಮೇಲೆ ಔಷಧಿ ಕಷ್ಟದ್ದೇನಲ್ಲ. ಡಾಕ್ಟರು ಬರೆದುಕೊಡುವ ಪರ್ಮೆಥ್ರಿನ್ ಮುಲಾಮನ್ನು ರಾತ್ರಿ ಕುತ್ತಿಗೆಯಿಂದ ಕೆಳಗೆ ಇಡೀ ಮೈಗೆ ಹಚ್ಚಿ ಬೆಳಿಗ್ಗೆ ತೊಳೆಯುವುದು, ವಾರ ಬಿಟ್ಟು ಮತ್ತೊಮ್ಮೆ. ನವೆ ಇಲ್ಲದವರೂ ಸೇರಿ ಮನೆಮಂದಿಯೆಲ್ಲ ಅದೇ ದಿನ ಹಚ್ಚಬೇಕು. ಎಳೆ ಮಕ್ಕಳಿಗೆ, ಗರ್ಭಿಣಿಯರಿಗೆ ಕೇಳಿಯೇ ಹಚ್ಚಿ. ಹುಳ ಸತ್ತ ಮೇಲೂ ಕೆಲವು ವಾರ ನವೆ ಇರುತ್ತದೆ, ಅದಕ್ಕೆ ಗಾಬರಿಯಾಗಿ ದಿನಾ ಬಳಿದುಕೊಳ್ಳಬೇಡಿ.

ಮಕ್ಕಳ ಆರೋಗ್ಯ ತಪಾಸಣೆಗೆ ಶಾಲೆಗಳಿಗೆ ಬರುವ ಆರ್‌ಬಿಎಸ್‌ಕೆ (ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ) ತಂಡದವರ ಬ್ಯಾಗಿನಲ್ಲಿ ಒಂದೊಂದು ಡರ್ಮೋಸ್ಕೋಪ್ ಇರಲಿ, ತಾಲ್ಲೂಕು ಆಸ್ಪತ್ರೆಯಲ್ಲೂ ಒಂದು. ನೋಡುವುದು ಹೇಗೆಂದು ಮೆಡಿಕಲ್ ಕಾಲೇಜಿನ ಚರ್ಮ ವಿಭಾಗದವರು ಒಂದು ದಿನ ಕೂರಿಸಿ ಹೇಳಿಕೊಡಲಿ. ಜೂನ್‌ನಲ್ಲಿ ಹಾಸ್ಟೆಲ್‌ಗೆ ಮಕ್ಕಳು ಸೇರುವಾಗಲೇ ಕೈ ನೋಡಿಬಿಟ್ಟರೆ ಆಗಸ್ಟ್‌ನಲ್ಲಿ ಇಡೀ ಹಾಸ್ಟೆಲ್‌ಗೆ ಮುಲಾಮು ತರುವ ಖರ್ಚಾದರೂ ಉಳಿಯುತ್ತದೆ, ಅಲ್ವಾ? ಜಿಲ್ಲಾ ಆರೋಗ್ಯಾಧಿಕಾರಿಗಳು ಇದಕ್ಕೆ ಏನು ಹೇಳುತ್ತಾರೆ ಎಂದು ನಿಮ್ಮ ಪತ್ರಿಕೆಯಲ್ಲೇ ಓದುವ ಆಸೆ.

– ಒಬ್ಬ ಓದುಗ, ಮೂಡಿಗೆರೆ