ಜೀನ್ ವರದಿ ಓದಿ ಕೈ ಚೆಲ್ಲಬೇಡ

ಶಿವಮೊಗ್ಗ

ಚಿರಂಜೀವಿ ಸುಹಾಸನಿಗೆ ದೊಡ್ಡಮ್ಮನ ಆಶೀರ್ವಾದಗಳು.

ಇಲ್ಲಿ ಎಲ್ಲರೂ ಕ್ಷೇಮ. ನೀನು ಕಳಿಸಿದ ಜೀನ್ ಪರೀಕ್ಷೆಯ ವರದಿಯನ್ನು ಕೊನೆಯ ಪುಟದವರೆಗೂ ಓದಿದೆ. ಒಂದಿಷ್ಟು ಎಂಜಲಿಗೆ ಅಷ್ಟೊಂದು ಬಣ್ಣದ ಪುಟ! ‘ಮಧುಮೇಹದ ಅಪಾಯ ಹೆಚ್ಚು’ ಎಂಬ ಸಾಲಿಗೆ ಕೆಂಪು ಗೆರೆ ಎಳೆದು, ಪಕ್ಕದಲ್ಲಿ ‘ಹಣೆಬರಹ, ಯಾರೇನು ಮಾಡಲಾದೀತು’ ಎಂದು ಬರೆದಿದ್ದೀಯ. ಆ ಮಾತಿಗಾಗಿಯೇ ಈ ಪತ್ರ.

ನಿನ್ನ ವರದಿಯಲ್ಲಿರುವ ಟಿಸಿಎಫ್7ಎಲ್2 ಎಂಬ ಜೀನಿಗೂ ಟೈಪ್ 2 ಮಧುಮೇಹಕ್ಕೂ ಇರುವ ನಂಟನ್ನು ಐಸ್‌ಲ್ಯಾಂಡಿನ ವಿಜ್ಞಾನಿಗಳು 2006ರಲ್ಲೇ ತೋರಿಸಿಕೊಟ್ಟರು. ಉಂಡ ಮೇಲೆ ಮೇದೋಜೀರಕ ಗ್ರಂಥಿ ಇನ್ಸುಲಿನ್ ಸುರಿಸಬೇಕಲ್ಲ, ಈ ಜೀನಿನ ಒಂದು ರೂಪ ಇರುವವರಲ್ಲಿ ಆ ಕೆಲಸ ತುಸು ಮಂದ. ತಂದೆ ತಾಯಿ ಇಬ್ಬರಿಂದಲೂ ಅದು ಬಂದಿದ್ದರೆ ಅಪಾಯ ಹೆಚ್ಚುಕಡಿಮೆ ಇಮ್ಮಡಿ. ಒಬ್ಬರಿಂದ ಬಂದಿದ್ದರೆ ಅದಕ್ಕಿಂತ ಕಡಿಮೆ. ನಿನಗೆ ಬಂದಿರುವುದು ಒಂದೇ. ನಿನ್ನ ಅಮ್ಮನಿಗೆ ಸಕ್ಕರೆ ಕಾಯಿಲೆ ಇದೆ, ನಮ್ಮ ಅಪ್ಪನಿಗೂ ಇತ್ತು. ನಮ್ಮ ವಂಶದ ಸಂಗತಿ ತಿಳಿಯಲು ದುಡ್ಡು ಕೊಡಬೇಕಿರಲಿಲ್ಲ, ನನ್ನನ್ನು ಕೇಳಿದ್ದರೆ ಪುಕ್ಕಟೆಯಾಗಿ ಹೇಳುತ್ತಿದ್ದೆ.

ಅಮೆರಿಕದಲ್ಲಿ, ರಕ್ತದ ಸಕ್ಕರೆ ಮಧುಮೇಹದ ಗಡಿಯಲ್ಲಿದ್ದ ಮೂರು ಸಾವಿರಕ್ಕೂ ಹೆಚ್ಚು ಜನರನ್ನು ಇಟ್ಟುಕೊಂಡು ಒಂದು ದೊಡ್ಡ ಅಧ್ಯಯನ ನಡೆಯಿತು. ಒಂದು ಗುಂಪಿಗೆ ವಾರಕ್ಕೆ 150 ನಿಮಿಷ ಚುರುಕು ನಡಿಗೆ, ತೂಕದಲ್ಲಿ ಶೇ 7ರಷ್ಟು ಇಳಿಕೆ, ಇಷ್ಟೇ ಗುರಿ. 2002ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ಆ ಗುಂಪಿನ ಅಪಾಯ ಶೇ 58ರಷ್ಟು ತಗ್ಗಿತ್ತು. ಮೆಟ್‌ಫಾರ್ಮಿನ್ ಎಂಬ ಸಕ್ಕರೆ ಕಾಯಿಲೆಯ ಮಾತ್ರೆ ನುಂಗಿದವರದು ಶೇ 31ರಷ್ಟು. ಆಮೇಲೆ ಅದೇ ಜನರಲ್ಲಿ ನಿನ್ನ ಈ ಜೀನನ್ನು ಹುಡುಕಿದರು. ಔಷಧಿಯೇ ಇಲ್ಲದ ಹುಸಿಮಾತ್ರೆ ಪಡೆದವರ ಪೈಕಿ ಆ ರೂಪ ಎರಡೆರಡು ಇದ್ದವರಿಗೆ ಕಾಯಿಲೆ ಬೇಗ ಅಂಟಿತ್ತು. ನಡೆದು ತೂಕ ಇಳಿಸಿದವರಲ್ಲಿ ಆ ವ್ಯತ್ಯಾಸ ಬಹುಮಟ್ಟಿಗೆ ಅಳಿಸಿಹೋಗಿತ್ತು. ನಿನ್ನ ಹಣೆಬರಹದ ವಾದಕ್ಕೆ ಇದಕ್ಕಿಂತ ನೇರ ಉತ್ತರ ನನಗೆ ಗೊತ್ತಿಲ್ಲ. ಅಮೆರಿಕದವರ ಮಾತು ನಮಗೇಕೆ ಎನ್ನಬೇಡ. ಚೆನ್ನೈಯಲ್ಲೂ ಇಂಥದೇ ಅಧ್ಯಯನ ಮಾಡಿದ್ದಾರೆ: ಮೂರು ವರ್ಷದಲ್ಲಿ ಸುಮ್ಮನಿದ್ದವರಲ್ಲಿ ಶೇ 55 ಮಂದಿಗೆ ಕಾಯಿಲೆ ಬಂತು, ಊಟ ನಡಿಗೆ ತಿದ್ದಿಕೊಂಡವರಲ್ಲಿ ಶೇ 39 ಮಂದಿಗೆ. ಅಮೆರಿಕದಲ್ಲಿ ಕಂಡಷ್ಟು ಲಾಭವಿಲ್ಲ, ಒಪ್ಪುತ್ತೇನೆ. ಆದರೂ ಕಡೆಗಣಿಸುವಂಥ ಅಂತರವಲ್ಲ.

ಮುಂದಿನ ಸಲ ರಕ್ತದ ಪ್ರೋಟೀನುಗಳ ಪರೀಕ್ಷೆ ಮಾಡಿಸುತ್ತೇನೆ ಎಂದಿದ್ದೀಯ. ಅದರಲ್ಲಿ ವಿಜ್ಞಾನ ಇಲ್ಲವೆಂದಲ್ಲ. ಕೊಬ್ಬಿನ ಕೋಶಗಳೇ ಸ್ರವಿಸುವ ಅಡಿಪೊನೆಕ್ಟಿನ್ ಎಂಬ ಪ್ರೋಟೀನು, ವಿಚಿತ್ರವೆಂದರೆ, ಹೊಟ್ಟೆಯ ಬೊಜ್ಜು ಬೆಳೆದಂತೆ ಕಡಿಮೆಯಾಗುತ್ತದೆ. ಅದು ಕಡಿಮೆ ಇರುವವರಿಗೆ ಮುಂದೆ ಮಧುಮೇಹ ಬರುವುದು ಹೆಚ್ಚು. ಸಿಆರ್‌ಪಿ ಎಂಬ, ಉರಿಯೂತವನ್ನು ಸೂಚಿಸುವ ಇನ್ನೊಂದು ಪ್ರೋಟೀನು ಕಾಯಿಲೆ ಬರುವ ಮೊದಲೇ ಏರಿರುತ್ತದೆ. ಆದರೆ ಹುಟ್ಟಿನಿಂದಲೇ ಸಿಆರ್‌ಪಿ ಹೆಚ್ಚಿಸುವ ಜೀನ್ ಪಡೆದವರಿಗೆ ಮಧುಮೇಹ ಹೆಚ್ಚೇನೂ ಕಾಣಲಿಲ್ಲ. ಅಂದರೆ ಅದು ಜೊತೆಯಲ್ಲಿ ಬರುವ ಲಕ್ಷಣ, ಕಾರಣವಲ್ಲ. ಬ್ರಿಟನ್ನಿನಲ್ಲಿ 50,000ಕ್ಕೂ ಹೆಚ್ಚು ಜನರ ರಕ್ತದಲ್ಲಿ ಸುಮಾರು 3,000 ಪ್ರೋಟೀನುಗಳನ್ನು ಅಳೆದಿಟ್ಟಿದ್ದಾರೆ. ಸಂಶೋಧಕರಿಗೆ ಅದು ಹಬ್ಬವೇ ಸರಿ, ನಿನ್ನ ಜೇಬಿಗೆ ಈಗಲೇ ಬೇಡ.

ನಿನಗೆ ಬೇಕಾದ ಪ್ರೋಟೀನು ರಕ್ತದ ಕೆಂಪು ಕಣದಲ್ಲಿರುವ ಹಿಮೋಗ್ಲೋಬಿನ್. ರಕ್ತದಲ್ಲಿ ಸಕ್ಕರೆ ಏರಿದಷ್ಟೂ ಅದಕ್ಕೆ ಹೆಚ್ಚು ಅಂಟಿಕೊಳ್ಳುತ್ತದೆ. ಕೆಂಪು ಕಣದ ಆಯಸ್ಸು ಸುಮಾರು 120 ದಿನ, ಹಾಗಾಗಿ ಸಕ್ಕರೆ ಅಂಟಿದ ಹಿಮೋಗ್ಲೋಬಿನ್ ಶೇಕಡಾ ಎಷ್ಟೆಂದು ಅಳೆಯುವ ಪರೀಕ್ಷೆಯಾದ ಎಚ್‌ಬಿಎ1ಸಿ ಎರಡು ಮೂರು ತಿಂಗಳ ಲೆಕ್ಕ ಕೊಡುತ್ತದೆ. ನಾನು ಲ್ಯಾಬಿನಲ್ಲಿದ್ದಾಗ ಎರಡು ದಿನ ಗಂಜಿ ಕುಡಿದು ಪರೀಕ್ಷೆಗೆ ಬರುವ ಜಾಣರಿದ್ದರು. ಬರಿಹೊಟ್ಟೆಯ ಸಕ್ಕರೆ ಕೆಲವೊಮ್ಮೆ ಅವರನ್ನು ಪಾರುಮಾಡುತ್ತಿತ್ತು, ಎಚ್‌ಬಿಎ1ಸಿ ಮಾತ್ರ ಚಾಡಿ ಹೇಳಿಬಿಡುತ್ತಿತ್ತು. ಶೇ 5.7ಕ್ಕಿಂತ ಕೆಳಗಿದ್ದರೆ ಸರಿ, 5.7ರಿಂದ 6.4 ಗಡಿ, 6.5 ಮುಟ್ಟಿದರೆ ಮಧುಮೇಹ. ಕಬ್ಬಿಣದ ಕೊರತೆಯಿಂದ ರಕ್ತಹೀನತೆ ಇರುವವರಲ್ಲಿ ಈ ಅಂಕಿ ಸುಳ್ಳೇ ಏರಿರಬಹುದು, ಆದ್ದರಿಂದ ರಕ್ತದ ಪೂರ್ಣ ಎಣಿಕೆಯನ್ನೂ ಮಾಡಿಸು. ಬರಿಹೊಟ್ಟೆಯ ಸಕ್ಕರೆಗೆ ಬೂದು ಮುಚ್ಚಳದ ಕೊಳವೆಯಲ್ಲಿ ರಕ್ತ ತೆಗೆಯುತ್ತಾರೆಯೇ ಎಂದು ಕಣ್ಣಿಟ್ಟು ನೋಡು. ಅದರಲ್ಲಿ ಫ್ಲೋರೈಡ್ ಇರುತ್ತದೆ. ಅದಿಲ್ಲದ ಕೊಳವೆಯಲ್ಲಿ ರಕ್ತವನ್ನು ಗಂಟೆಗಟ್ಟಲೆ ಇಟ್ಟರೆ ಅದರ ಕಣಗಳೇ ಸಕ್ಕರೆಯನ್ನು ತಿಂದು ಅಂಕಿ ಇಳಿಸುತ್ತವೆ. ಎಚ್‌ಬಿಎ1ಸಿಗೆ ನೇರಳೆ ಮುಚ್ಚಳದ್ದು.

ಇನ್ನು ಸೊಂಟ. ನೀನು ಸಣ್ಣಗಿದ್ದೇನೆ ಎಂದು ಬೀಗಬೇಡ, ನಮ್ಮ ಜನರಿಗೆ ಕೈಕಾಲು ಸಣ್ಣಗಿದ್ದೂ ಹೊಟ್ಟೆ ಬರುತ್ತದೆ. ಗಂಡಸರಿಗೆ 90 ಸೆಂಟಿಮೀಟರ್ ದಾಟಬಾರದು. ಹೊಕ್ಕುಳಿನ ಮಟ್ಟಕ್ಕೆ ಟೇಪು ಹಿಡಿದು, ಹೊಟ್ಟೆ ಒಳಗೆಳೆಯದೆ ಅಳೆ. ಅನ್ನದ ಬದಲು ಮುದ್ದೆ ತಿನ್ನುತ್ತೇನೆ ಎಂದು ದೊಡ್ಡ ದೊಡ್ಡ ಎರಡು ಮುದ್ದೆ ಇಳಿಸಿದರೆ ಲಾಭವಿಲ್ಲ. ತಟ್ಟೆಯಲ್ಲಿ ಪಲ್ಯ, ಕಾಳು ಹೆಚ್ಚಲಿ. ರಾತ್ರಿ ಹತ್ತೂವರೆಗೆ ಊಟ ತರಿಸಿಕೊಳ್ಳುವುದನ್ನು ಬಿಡು. ಕಚೇರಿಯಿಂದ ಬರುವಾಗ ಎರಡು ನಿಲ್ದಾಣ ಮೊದಲೇ ಇಳಿದು ನಡೆ.

ನೀನು ಊರಿಗೆ ಬರುವ ಮೊದಲು ಪರೀಕ್ಷೆ ಮಾಡಿಸಿ ವರದಿಯ ಫೋಟೊ ಕಳಿಸು. ಅಂಕಿಯೊಂದನ್ನೇ ಟೈಪ್ ಮಾಡಿ ಕಳಿಸಿದರೆ ಒಪ್ಪುವುದಿಲ್ಲ. ಗಡಿಯಲ್ಲಿದ್ದರೆ ವೈದ್ಯರ ಬಳಿ ಹೋಗೋಣ, ನಾನೂ ಬರುತ್ತೇನೆ. ನಿನ್ನ ಅಮ್ಮನಿಗೆ ಜೀನ್ ವರದಿ ತೋರಿಸಬೇಡ. ತನ್ನಿಂದಲೇ ಬಂತೆಂದು ಕೊರಗುತ್ತಾಳೆ.

ಇಂತಿ,
ನಿನ್ನ ದೊಡ್ಡಮ್ಮ